ಊರಿನ ಕತೆ ಹೇಳುವವರು ಯಾರು?

ಕಳೆದ ಮಳೆಗಾಲ ಮುಗಿಯುತ್ತಿದ್ದ ಹಾಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಗೆ ಬಂದು, "ಮಾಷ್ಟ್ರೇ, ಕೊಚ್ಚಿಯಲ್ಲಿ ಪ್ರವಾಸದ ವೀಡಿಯೋ ಮಾಡುವವರದ್ದೊಂದು ಸಮ್ಮೇಳನ ಉಂಟು. ನನಗೆ ಎರಡು ಪಾಸು ಸಿಕ್ಕಿದೆ. ನೀವೂ ಬನ್ನಿ" ಎಂದು ಕರೆದ. ಸಾಹಿತ್ಯ ಸಮ್ಮೇಳನಗಳಿಗೆ ಹೋಗಿ, ಗೋಷ್ಠಿಯಲ್ಲಿ ತೂಕಡಿಸಿ, ಊಟದ ಹೊತ್ತಿಗೆ ಸರಿಯಾಗಿ ಎಚ್ಚರಗೊಂಡು ಅಭ್ಯಾಸವಿರುವ ನಮಗೆ ಇದು ಎಂತಹ ಸಮ್ಮೇಳನವೆಂದು ತಿಳಿಯಲಿಲ್ಲ. ಕುತೂಹಲವೇನೋ ಇತ್ತು. ಎರಡು ದಿನಗಳ ರಜೆ ಬರೆದುಕೊಟ್ಟು, ಮುಂಜಾವಿನ ಪರಶುರಾಮ ಎಕ್ಸ್‌ಪ್ರೆಸ್ಸಿನಲ್ಲಿ ಕಾಸರಗೋಡಿನಿಂದ ಹೊರಟೆವು.

ಸಭೆ ನಡೆದದ್ದು ಒಂದು ದೊಡ್ಡ ಹೋಟೆಲಿನಲ್ಲಿ. ಒಳಗೆ ಹೊಕ್ಕ ಕೂಡಲೇ ನಮ್ಮ ಕೊರಳಿಗೂ ಒಂದು ಗುರುತಿನ ಚೀಟಿ ಬಿತ್ತು. ಅಲ್ಲಿದ್ದವರೆಲ್ಲ ನಮ್ಮ ಹತ್ತನೆಯ ತರಗತಿಯಿಂದ ನಿನ್ನೆ ಮೊನ್ನೆ ಹೊರಬಿದ್ದವರ ಹಾಗೆ ಕಾಣುತ್ತಿದ್ದರು. ಸಾಹಿತ್ಯ ಸಮ್ಮೇಳನದಲ್ಲಿ ಹೊಸಬರು ಸಿಕ್ಕಿದರೆ "ಯಾವ ಊರಾಯಿತು?" ಎನ್ನುತ್ತೇವೆ. ಇಲ್ಲಿನ ಮೊದಲ ಪ್ರಶ್ನೆ "ಫಾಲೋವರ್ಸ್ ಎಷ್ಟು?" ಎಂಬುದು. ನಮ್ಮನ್ನು ಕೇಳಿದವನಿಗೆ "ನಲವತ್ತೆರಡು, ಎಂಟನೆಯ ತರಗತಿ ಬಿ ವಿಭಾಗ" ಎಂದೆವು. ಅವನು ನಕ್ಕ, ನಾವೂ ನಕ್ಕೆವು.

ಮಧ್ಯಾಹ್ನದ ಮೇಲೆ ಒಂದು ವಿಚಿತ್ರವಾದ ವ್ಯವಸ್ಥೆಯನ್ನು ಕಂಡೆವು. ಸಾಲಾಗಿ ಮೇಜುಗಳು, ಒಂದು ಬದಿಯಲ್ಲಿ ಹೋಟೆಲು, ರೆಸಾರ್ಟು, ಹೋಂಸ್ಟೇಗಳವರು, ಇನ್ನೊಂದು ಬದಿಯಲ್ಲಿ ವೀಡಿಯೋ ಮಾಡುವವರು. ಹತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿದಾಗ ಇವರು ಎದ್ದು ಮುಂದಿನ ಮೇಜಿಗೆ ಹೋಗುವುದು. ಇಷ್ಟು ದಿನದ ವಾಸ, ಇಷ್ಟು ವೀಡಿಯೋ, ಇಷ್ಟು ಹಣ ಎಂದು ಮಾತುಕತೆ. ಅವರು ಮಾಡುವುದಕ್ಕೆಲ್ಲ 'ಕಂಟೆಂಟ್' ಎಂದೇ ಹೆಸರು. ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕೆಂದು ನಾವು ಅಲ್ಲಿಯೇ ಕುಳಿತು ಯೋಚಿಸಿದೆವು. 'ಸರಕು' ಎನ್ನಬಹುದು, 'ಹುರುಳು' ಎನ್ನಲೂಬಹುದು. ಯಾವುದು ಸರಿಯೆಂಬುದು ಮಾಡಿದವನ ಮೇಲೆ ಹೋಗುತ್ತದೆ.

ಇಷ್ಟನ್ನು ಓದಿ ನಮ್ಮ ಸಹೋದ್ಯೋಗಿಗಳು, ಮಾಷ್ಟ್ರು ಈಗ ಈ ಹುಡುಗರನ್ನು ಬೈಯಲು ಹೊರಟರೆಂದು ತಿಳಿಯಬಾರದು. ನಮ್ಮ ಶಿಷ್ಯನ ಕೆಲಸವನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ಪೊಸಡಿ ಗುಂಪೆಯ ಮೇಲೆ ಸೂರ್ಯೋದಯದ ಒಂದು ನಿಮಿಷದ ಚಿತ್ರಕ್ಕಾಗಿ ಅವನು ನಾಲ್ಕು ಬಾರಿ ಕತ್ತಲಲ್ಲಿ ಗುಡ್ಡ ಹತ್ತಿದ್ದಾನೆ. ಮೂರು ದಿನ ಮಂಜು ಮುಸುಕಿ ಬರಿಗೈಯಲ್ಲಿ ಇಳಿದಿದ್ದಾನೆ. ನಾವು ಕೊಟ್ಟ ಪ್ರಬಂಧವನ್ನು ಅವನು ಒಮ್ಮೆಯೂ ತಿದ್ದಿ ಬರೆದವನಲ್ಲ!

ಹಣ ಪಡೆದು ಊರನ್ನು ಹೊಗಳುವುದು ಸರಿಯೇ ಎಂಬ ಪ್ರಶ್ನೆ ನಮ್ಮನ್ನು ಕಾಡಿತು. ಆದರೆ ಇದೂ ಹೊಸತಲ್ಲ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800-01ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ, ಬೆಳೆ, ನೀರು, ಜಾತಿ, ಕಂದಾಯ ಎಲ್ಲವನ್ನೂ ಬರೆದಿಟ್ಟ. ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನೂ ಕಂಪೆನಿಯ ಸಂಬಳದಾಳು. ಆದರೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮಾಡಿದ ಪ್ರವಾಸವಿದು ಎಂಬುದನ್ನು ಪುಸ್ತಕದ ಮುಖಪುಟದಲ್ಲಿಯೇ ಅಚ್ಚು ಹಾಕಿಸಿದ್ದಾನೆ. ಓದುವವನು ಅದನ್ನು ಲೆಕ್ಕಕ್ಕೆ ಹಿಡಿದು ಓದುತ್ತಾನೆ. ಈ ಕಾಲದ ನಿಯಮವೂ ಅದನ್ನೇ ಕೇಳುತ್ತದೆ. ಜಾಹೀರಾತು ರಂಗದವರ ಸಂಸ್ಥೆ 2021ರಲ್ಲಿ, ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಈ ಬಗ್ಗೆ ಸೂಚನೆಗಳನ್ನು ಹೊರಡಿಸಿವೆ. ಹಣವಿರಲಿ, ಪುಕ್ಕಟೆ ವಾಸವಿರಲಿ, ಪಡೆದದ್ದನ್ನು ನೋಡುವವರಿಗೆ ತಿಳಿಯುವಂತೆ ಹೇಳಬೇಕು. ಸಭೆಯಲ್ಲಿ ಇದರ ಕುರಿತು ಅರ್ಧ ತಾಸಿನ ಭಾಷಣವಿತ್ತು. ಕೇಳಿದವರು ಕಡಿಮೆ; ಅದು ಊಟದ ಮೊದಲಿನ ಅರ್ಧ ತಾಸಾಗಿತ್ತು.

ಎರಡನೆಯ ದಿನ ಉತ್ತರ ಕೇರಳದ ಸರದಿ. ತೆರೆಯ ಮೇಲೆ ನಮ್ಮ ಜಿಲ್ಲೆ ಮೂಡಿತು. ಬೇಕಲದ ಕೋಟೆಯನ್ನು ಡ್ರೋನಿನಿಂದ ತೆಗೆದಿದ್ದರು. ಕಡಲಿನ ಮೇಲೆ ಅದು ಅಷ್ಟು ಚೆಲುವಾಗಿದೆಯೆಂದು ಇಷ್ಟು ವರ್ಷ ಇಲ್ಲಿಯೇ ಇರುವ ನಮಗೂ ಗೊತ್ತಿರಲಿಲ್ಲ. ಹೇಳಿದ ಮಾತು ಮಾತ್ರ ಎರಡೇ: ಟಿಪ್ಪುವಿನ ಕೋಟೆ, 1995ರ 'ಬಾಂಬೆ' ಚಿತ್ರದ ಹಾಡು ತೆಗೆದ ಜಾಗ. 17ನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿದ ಇಕ್ಕೇರಿಯ ಶಿವಪ್ಪ ನಾಯಕನ ಹೆಸರು ಬರಲಿಲ್ಲ. ಅನಂತಪುರದ ಸರೋವರ ಕ್ಷೇತ್ರ ಬಂತು; ಮೊಸಳೆ ಬಬಿಯಾ ಇನ್ನೂ ಬದುಕಿರುವಂತೆ ವಿವರಣೆ. ಅದು ಸತ್ತದ್ದು 2022ರ ಅಕ್ಟೋಬರದಲ್ಲಿ; 2023ರಲ್ಲಿ ಕಾಣಿಸಿಕೊಂಡದ್ದು ಇನ್ನೊಂದು ಮೊಸಳೆ. ಬಬಿಯಾ ನೈವೇದ್ಯದ ಅನ್ನ ಮಾತ್ರ ತಿನ್ನುತ್ತಿತ್ತೆಂಬುದು ಭಕ್ತರ ನಂಬಿಕೆ. ಅದನ್ನು ನಂಬಿಕೆಯೆಂದು ಹೇಳಿದರೆ ಯಾರಿಗೂ ಅಪಚಾರವಿಲ್ಲ. ಮಂಜೇಶ್ವರವು ಒಂದು ಸಮುದ್ರ ಕಿನಾರೆಯಾಗಿ ಬಂದುಹೋಯಿತು. ಗೋವಿಂದ ಪೈಗಳ ಮನೆಯಿಲ್ಲ, ಅಲ್ಲಿನ ಸ್ಮಾರಕ 'ಗಿಳಿವಿಂಡು' ಇಲ್ಲ. ಕುಂಬಳೆ ಬಂತು, ಪಾರ್ತಿಸುಬ್ಬನಿಲ್ಲ. ಇಡೀ ಅರ್ಧ ತಾಸಿನಲ್ಲಿ ಇಲ್ಲಿ ಕನ್ನಡವೆಂಬ ಭಾಷೆಯನ್ನು ಆಡುವ ಜನ ಇದ್ದಾರೆಂಬ ಒಂದು ವಾಕ್ಯವೂ ಇರಲಿಲ್ಲ.

ನಮಗೆ ತಡೆಯಲಾಗಲಿಲ್ಲ. ಎದ್ದು ನಿಂತು, ನಾವು ಎರಡೂ ಭಾಷೆಗಳಲ್ಲಿ ಓದಿ ಬೆಳೆದವರಾದ್ದರಿಂದ, ಮಲೆಯಾಳದಲ್ಲಿಯೇ ಇದನ್ನೆಲ್ಲ ಹೇಳಿದೆವು. ತುಸು ಜೋರಾಗಿಯೇ ಹೇಳಿದೆವು. ಮಾತನಾಡುತ್ತಿದ್ದ ತ್ರಿಶ್ಶೂರಿನ ಹುಡುಗಿ ಕೋಪಿಸಿಕೊಳ್ಳಲಿಲ್ಲ. ಸಭೆ ಮುಗಿದ ಮೇಲೆ ಪುಸ್ತಕ, ಪೆನ್ನು ಹಿಡಿದು ನಮ್ಮ ಬಳಿಗೆ ಬಂದಳು. "ಮಾಷೇ, ಹೊರಡುವ ಮೊದಲು ನಾನು ಎರಡು ವಾರ ಹುಡುಕಿದ್ದೆ. ಸಿಕ್ಕಿದ್ದನ್ನು ಹೇಳಿದೆ. ನೀವು ಹೇಳಿದ್ದೆಲ್ಲ ಎಲ್ಲಿದೆ? ಕನ್ನಡದಲ್ಲಿದ್ದರೂ ಅಡ್ಡಿಯಿಲ್ಲ, ಯಾರಿಂದಲಾದರೂ ಓದಿಸಿಕೊಳ್ಳುತ್ತೇನೆ" ಎಂದಳು.

ನಾವು ಏನೆಂದು ಉತ್ತರ ಕೊಡಬೇಕಿತ್ತು? ದೊಡ್ಡವರ ಪುಸ್ತಕಗಳ ಹೆಸರು ಹೇಳಬಹುದಿತ್ತು. ಕನ್ನಡದಲ್ಲಿ ಪ್ರವಾಸ ಸಾಹಿತ್ಯಕ್ಕೆ ಬಡತನವಿಲ್ಲ. ಕಾರಂತರು 'ಅಬೂವಿನಿಂದ ಬರಾಮಕ್ಕೆ' ಬರೆದರು, 'ಅಪೂರ್ವ ಪಶ್ಚಿಮ' ಬರೆದರು. 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆದರೆ ಅವಳು ಕೇಳಿದ್ದು ಅಮೆರಿಕೆಯದ್ದಲ್ಲ, ನಮ್ಮೂರಿನದ್ದು, ನಾವು ಬರೆದದ್ದು. ವಿಳಾಸ ಬರೆದುಕೊಟ್ಟು, "ಕಳುಹಿಸುತ್ತೇನೆ" ಎಂದೆವು.

ಹಿಂದಿರುಗುವಾಗ ರೈಲಿನಲ್ಲಿ ಶಿಷ್ಯ ನಿದ್ದೆಹೋದ. ನಮಗೆ ನಿದ್ದೆ ಬರಲಿಲ್ಲ. 1956ರ ನವೆಂಬರ 1ರಿಂದ ಈಚೆಗೆ ಕಾಸರಗೋಡಿನ ಕನ್ನಡಿಗರು ಮನವಿಗಳನ್ನು ಬರೆದಿದ್ದೇವೆ, ನಿರ್ಣಯಗಳನ್ನು ಮಂಡಿಸಿದ್ದೇವೆ, 1967ರ ಮಹಾಜನ ವರದಿಯನ್ನು ಕಂಠಪಾಠ ಮಾಡಿದ್ದೇವೆ. ಅದೆಲ್ಲ ಬೇಕಿತ್ತು, ಈಗಲೂ ಬೇಕು. ಆದರೆ ನಮ್ಮನ್ನು ಯಾರೂ ಗಮನಿಸುತ್ತಿಲ್ಲವೆಂದು ಬರೆದಷ್ಟು ನಾವು ಇಲ್ಲಿ ಹೇಗೆ ಬದುಕಿದ್ದೇವೆಂದು ಬರೆಯಲಿಲ್ಲ. ಬರೆದದ್ದೂ ನಾಲ್ಕು ಜನರ ಕಣ್ಣಿಗೆ ಬೀಳುವಲ್ಲಿ ಇಲ್ಲ. ಕೇರಳದ ಪ್ರವಾಸೋದ್ಯಮ ಇಲಾಖೆ 2014ರಿಂದ ದೇಶ ವಿದೇಶಗಳ ಬ್ಲಾಗರುಗಳನ್ನು ಬಸ್ಸಿನಲ್ಲಿ ಕೂರಿಸಿ ರಾಜ್ಯ ತೋರಿಸುತ್ತ ಬಂದಿತು. ಅಂತಹ ಬಸ್ಸು ನಮ್ಮ ಶಾಲೆಯ ಎದುರು ನಿಂತಿದ್ದರೆ ಅವರ ಕೈಗೆ ಕೊಡಲು ನಮ್ಮಲ್ಲಿ ಒಂದು ಹಾಳೆ ಇರಲಿಲ್ಲ.

ಇರಲಿಲ್ಲವೆಂದರೆ ತಪ್ಪಾದೀತು. ಶಾಲೆಯ ಕಪಾಟಿನಲ್ಲಿ ಹಳೆಯ ವಾರ್ಷಿಕ ಸಂಚಿಕೆಗಳಿವೆ. ಬಂದ ಮರುದಿನವೇ ಬೀಗ ತೆಗೆಸಿದೆವು. ಎರಡು ಕಟ್ಟುಗಳನ್ನು ಗೆದ್ದಲು ಮುಗಿಸಿತ್ತು. ಉಳಿದವುಗಳಲ್ಲಿ, 1979ರ ಸಂಚಿಕೆಯಲ್ಲಿ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ತನ್ನ ಅಜ್ಜ ತೋಡಿದ ಸುರಂಗದ ಬಗ್ಗೆ ಎರಡು ಪುಟ ಬರೆದಿದ್ದಾನೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲಕ್ಕೆ, ಪಿಕ್ಕಾಸಿನಿಂದ ಕೊರೆಯುತ್ತ ಹೋಗುವುದು. ಒಳಗೆ ಮೊಂಬತ್ತಿ ಉರಿಸಿಟ್ಟುಕೊಳ್ಳುವುದು. ಅದು ನಂದಿತೆಂದರೆ ಉಸಿರಿಗೆ ಗಾಳಿ ಸಾಲದೆಂದು ಹೊರಗೆ ಬರುವುದು. ಕೊನೆಗೆ ನೀರು ಸಿಕ್ಕಿದರೆ ಅದು ಪಂಪಿನ ಹಂಗಿಲ್ಲದೆ ತಾನಾಗಿ ಹರಿದು ಅಂಗಳದ ಕೆರೆಗೆ ಬೀಳುವುದು. ಬಾಯಾರು, ಎಣ್ಮಕಜೆ ಕಡೆಯ ಎಷ್ಟೋ ತೋಟಗಳು ಈಗಲೂ ಈ ನೀರಿನಲ್ಲಿ ಹಸಿರಾಗಿವೆ. ಆ ಹುಡುಗನ ಬರಹಕ್ಕೆ ಅಂದಿನ ಅಧ್ಯಾಪಕರು ಶೀರ್ಷಿಕೆಯನ್ನೂ ಕೊಟ್ಟಿಲ್ಲ. ನಾವು ಕೊಚ್ಚಿಯಲ್ಲಿ ಎರಡು ದಿನ ನೋಡಿದ್ದರಲ್ಲಿ ಇದಕ್ಕೆ ಸಮನಾದ ಹುರುಳು ನಮಗೆ ಕಾಣಲಿಲ್ಲ.

ಅಧ್ಯಾಪಕರ ಕೋಣೆಯಲ್ಲಿ ಇದನ್ನು ಹೇಳಿದಾಗ ಒಂದು ಆಕ್ಷೇಪ ಬಂತು. ಬರೆದರೆ ಜನ ಬರುತ್ತಾರೆ, ಜನ ಬಂದರೆ ಪೊಸಡಿ ಗುಂಪೆಯಲ್ಲಿ ಆದ ಹಾಗೆ ಬಾಟಲಿ, ಪ್ಲಾಸ್ಟಿಕ್ ಬರುತ್ತದೆ. ಕೋಲದ ಅಂಗಳದಲ್ಲಿ ದೈವಕ್ಕಿಂತ ಮೊದಲು ಕ್ಯಾಮರಾ ನಿಲ್ಲುತ್ತದೆ ಎಂದು. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಎಲ್ಲವನ್ನೂ ತೋರಿಸಬೇಕಾಗಿಲ್ಲ. ಯಾರದೋ ಮನೆಯ ಸುರಂಗಕ್ಕೆ ದಾರಿ ಬರೆಯದೆ ಸುರಂಗದ ಕೆಲಸವನ್ನು ಬರೆಯಬಹುದು. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ಆ ಊರಿನಲ್ಲಿ ಹುಟ್ಟಿದವನಿಗೆ ತಿಳಿದಿರುತ್ತದೆ. ಆದ್ದರಿಂದಲೇ ಅವನು ಬರೆಯಬೇಕೆಂದು ನಮ್ಮ ವಾದ. ನಾವು ಸುಮ್ಮನಿದ್ದೇವೆಂದು ಬರುವವರು ಬಾರದೆ ಇರುವುದಿಲ್ಲ. ತಪ್ಪು ಹೆಸರು ಹಿಡಿದುಕೊಂಡು ಬರುತ್ತಾರೆ, ಅಷ್ಟೇ.

ಈಗ ಶನಿವಾರ ಮಧ್ಯಾಹ್ನ ಒಂಬತ್ತನೆಯ ತರಗತಿಯ ಹನ್ನೊಂದು ಮಕ್ಕಳು ಕಂಪ್ಯೂಟರ್ ಕೋಣೆಯಲ್ಲಿ ಹಳೆಯ ಸಂಚಿಕೆಗಳ ಬರಹಗಳನ್ನು ಕನ್ನಡದಲ್ಲಿ ಟೈಪು ಮಾಡುತ್ತಾರೆ. ನಮ್ಮ ಶಿಷ್ಯ ತಿಂಗಳಿಗೊಮ್ಮೆ ಕ್ಯಾಮರಾ ತಂದು, ಅಜ್ಜಂದಿರ ಮಾತನ್ನು ಹೇಗೆ ಹಿಡಿಯಬೇಕೆಂದು ಕಲಿಸುತ್ತಾನೆ. ಸುರಂಗದ ಬರಹವನ್ನು ಮಲೆಯಾಳಕ್ಕೆ ತಿರುಗಿಸಿ ತ್ರಿಶ್ಶೂರಿಗೆ ಕಳುಹಿಸಿದ್ದಾಯಿತು. ಕಳೆದ ವಾರ ತನ್ನ ಬೈಲಿನ ಬಗ್ಗೆ ಬರೆಯುತ್ತಿದ್ದ ಹುಡುಗಿಯೊಬ್ಬಳು, "ಮಾಷ್ಟ್ರೇ, ನಮ್ಮ ಜಾಗಕ್ಕೆ ಅಮ್ಮ ತುಳುವಿನಲ್ಲಿ ಒಂದು ಹೆಸರು ಹೇಳುತ್ತಾರೆ, ರೇಷನ್ ಕಾರ್ಡಿನಲ್ಲಿ ಮಲೆಯಾಳದ್ದು ಇನ್ನೊಂದು ಉಂಟು, ಬಸ್ಸಿನ ಬೋರ್ಡಿನಲ್ಲಿ ಕನ್ನಡದ್ದು ಬೇರೆ. ಯಾವುದನ್ನು ಬರೆಯಲಿ?" ಎಂದು ಕೇಳಿದಳು. ಮೂರನ್ನೂ ಬರೆ, ಯಾರು ಯಾವುದನ್ನು ಕರೆಯುತ್ತಾರೆಂದೂ ಬರೆ ಎಂದು ಹೇಳಿದ್ದೇವೆ. ಅವಳ ಬರಹ ಈ ಸಂಚಿಕೆಯಲ್ಲಿಯೇ ಇದೆ.