ಕೃಷ್ಣಪಕ್ಷದ ಹಾದಿಗೊಂದು ಹಣೆದೀಪ

ಯುಗಾದಿ ಸಮೀಪಿಸಿತೆಂದರೆ ರಾಯಚೂರು, ಬಳ್ಳಾರಿ, ಕೊಪ್ಪಳಗಳ ಕಡೆಯಿಂದ ಶ್ರೀಶೈಲಕ್ಕೆ ಹೊರಟ ಪಾದಯಾತ್ರಿಕರು ಆದೋನಿ, ಎಮ್ಮಿಗನೂರುಗಳ ರಸ್ತೆಗಳಲ್ಲಿ ಕಾಣತೊಡಗುತ್ತಾರೆ. ಭ್ರಮರಾಂಬೆಯನ್ನು ಮನೆಮಗಳೆಂದೂ ಮಲ್ಲಯ್ಯನನ್ನು ಅಳಿಯನೆಂದೂ ಭಾವಿಸುವ ಈ ಯಾತ್ರೆಗೆ ನಮ್ಮ ಭಾಗದ ಮನೆಗಳಿಂದಲೂ ಜನ ಸೇರಿಕೊಳ್ಳುತ್ತಾರೆ. ಶಾಲೆಯ ಮಕ್ಕಳೂ ಹಟ ಹಿಡಿದು ಹೊರಡುವುದುಂಟು. ನೀರು, ಬುತ್ತಿ, ಪಾದರಕ್ಷೆಗಳ ಚಿಂತೆಯನ್ನು ಎಲ್ಲರೂ ಮಾಡುತ್ತಾರೆ. ಬೆಳಕಿನ ಚಿಂತೆಯನ್ನು ಮಾತ್ರ ಮೊಬೈಲಿಗೆ ಬಿಟ್ಟುಬಿಡುತ್ತಾರೆ.

ಬಿಸಿಲಿಗೆ ಅಂಜಿ ಜನ ನಡೆಯುವುದು ರಾತ್ರಿ ಮತ್ತು ಬೆಳಗಿನ ಜಾವ. ಯುಗಾದಿ ಬರುವುದು ಅಮಾವಾಸ್ಯೆ ಕಳೆದೊಡನೆ. ಶಿವರಾತ್ರಿಯಂತೂ ಬಹುಳ ಚತುರ್ದಶಿಗೆ. ಶ್ರೀಶೈಲದ ಎರಡು ದೊಡ್ಡ ಯಾತ್ರೆಗಳೂ ಹೀಗೆ ಕೃಷ್ಣಪಕ್ಷದಲ್ಲಿಯೇ ಸಾಗಬೇಕು; ಬೆಳದಿಂಗಳನ್ನು ನಂಬುವಂತಿಲ್ಲ. ಆತ್ಮಕೂರು ದಾಟಿ ವೆಂಕಟಾಪುರದಿಂದ ನಲ್ಲಮಲ ಅಡವಿಯನ್ನು ಹೊಕ್ಕರೆ ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳಗಳ ಮೂಲಕ ಕಲ್ಲುಹಾದಿ. ಅಲ್ಲಿಂದ ಕೈಲಾಸದ್ವಾರಕ್ಕೆ ಕಡಿದಾದ ಏರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮಗುವಿನ ಕೈ. ಮೊಬೈಲ್ ಹಿಡಿಯಲು ಮೂರನೆಯ ಕೈ ಎಲ್ಲಿಂದ ಬಂದೀತು? ಒಣ ಎಲೆ ಹಾಸಿದ, ಹುಲಿ ಸಂರಕ್ಷಣೆಗೆ ಮೀಸಲಾದ ಅರಣ್ಯದಲ್ಲಿ ಪಂಜಿನ ಮಾತೇ ಬೇಡ.

ತಲೆಗೆ ಕಟ್ಟುವ ದೀಪ ನಮಗೇನೂ ಅಪರಿಚಿತವಲ್ಲ. ಹಟ್ಟಿಯ ಚಿನ್ನದ ಗಣಿಗೆ ಇಳಿಯುವವರ ಟೋಪಿಯ ಮೇಲೆ ಅದಿದೆ. ರಾತ್ರಿ ಹೊಲಕ್ಕೆ ನೀರು ಹಾಯಿಸುವ ರೈತರ ರುಮಾಲಿನ ಮೇಲೂ ಇದೆ. ಆದರೆ ಹೊಲದ ದೀಪವೇ ಅಡವಿಗೂ ಸಾಕೆನ್ನಲಾಗದು. ಹೊಲದ ದೀಪವನ್ನು ಬೆಳಗಾದರೆ ಮನೆಯಲ್ಲಿ ಚಾರ್ಜಿಗೆ ಹಾಕಬಹುದು. ದಿನಗಟ್ಟಲೆ ನಡೆಯುವವನಿಗೆ ಆ ಅನುಕೂಲವಿಲ್ಲ. ಆದ್ದರಿಂದ ಮೂರು ಸಣ್ಣ ‘ಎಎಎ’ ಸೆಲ್ಲುಗಳಿಂದ ಉರಿಯುವ ದೀಪವೇ ಯಾತ್ರಿಕನಿಗೆ ಮೇಲೆಂದು ನನ್ನ ಅಭಿಪ್ರಾಯ: ಹಗುರ, ಸೆಲ್ಲು ಸಣ್ಣ ಅಂಗಡಿಯಲ್ಲಿಯೂ ದೊರೆಯುತ್ತದೆ. ಚಾರ್ಜ್ ಮಾಡುವ ದೀಪವನ್ನೇ ಕೊಳ್ಳುವುದಾದರೆ ಯುಎಸ್‌ಬಿ ತಂತಿಯದನ್ನು ಕೊಂಡು ಪವರ್ ಬ್ಯಾಂಕನ್ನೂ ಒಯ್ಯಬೇಕು.

ಪೆಟ್ಟಿಗೆಯ ಮೇಲಿನ ಅಂಕಿಗಳಿಗೆ ಮರುಳಾಗಬಾರದು. ನಡೆಯಲು 50ರಿಂದ 100 ಲ್ಯೂಮೆನ್ ಬೆಳಕು ಸಾಕು. ದಾರಿ ಅನುಮಾನವಾದಾಗ ದೂರ ನೋಡಲು 200 ಇದ್ದರೆ ಲೇಸು. ಅಗ್ಗದ ದೀಪದ ಮೇಲೆ ಹತ್ತು ಸಾವಿರ ಲ್ಯೂಮೆನ್ ಎಂದು ಬರೆದಿದ್ದರೆ ಅದು ಬರವಣಿಗೆ ಮಾತ್ರ. 18650 ಎಂಬ ಸಂಖ್ಯೆಯ ಲಿಥಿಯಂ ಸೆಲ್ಲೊಂದರಲ್ಲಿ ಹೆಚ್ಚೆಂದರೆ ಸುಮಾರು 3500 ಎಂಎಎಚ್ ಹಿಡಿಯುತ್ತದೆ. 9900 ಎಂದು ಅಚ್ಚಾದದ್ದನ್ನು ಕಂಡರೆ ಅಂಗಡಿಗೆ ಮರಳಿಸಿ. ‘ಇಷ್ಟು ಗಂಟೆ ಉರಿಯುತ್ತದೆ’ ಎಂಬ ಮಾತಿಗೂ ಒಂದು ಒಳಗುಟ್ಟಿದೆ: ಒಳ್ಳೆಯ ಕಂಪನಿಗಳು ಅನುಸರಿಸುವ ಎಫ್‌ಎಲ್ 1 ಮಾನದಂಡದಲ್ಲಿಯೂ ಮೊದಲಿನ ಬೆಳಕು ಹತ್ತನೆಯ ಒಂದು ಪಾಲಿಗೆ ಇಳಿಯುವವರೆಗೆ ಗಂಟೆಯನ್ನು ಎಣಿಸುತ್ತಾರೆ. ಕೊನೆಯ ಗಂಟೆಗಳ ಬೆಳಕು ಮಿಣುಕು ಬೆಳಕೇ. ಇನ್ನು ‘ಐಪಿಎಕ್ಸ್ 4’ ಎಂದಿದ್ದರೆ ಬೆವರಿಗೂ ಅಕಾಲದ ಹನಿಗೂ ಸಾಕು.

ಕೆಂಪು ಬೆಳಕಿನ ಗುಂಡಿಯನ್ನು ಮಕ್ಕಳ ಆಟಿಕೆಯೆಂದು ತಿಳಿಯಬೇಡಿ. ಕತ್ತಲೆಗೆ ನಮ್ಮ ಕಣ್ಣು ಪೂರ್ತಿ ಹೊಂದಲು ಅರ್ಧ ಗಂಟೆಯಷ್ಟು ಬೇಕು. ಬಿಳಿಯ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ, ಮಂದವಾದ ಕೆಂಪು ಅಷ್ಟಾಗಿ ಕೆಡಿಸದು. ತಂಗಿದಲ್ಲಿ ಮಲಗಿದವರ ನಡುವೆ ಎದ್ದು ಓಡಾಡುವಾಗ ಅದನ್ನೇ ಹಚ್ಚಬೇಕು.

ಹಣೆದೀಪಕ್ಕೆ ಒಂದು ದೊಡ್ಡ ಕೊರತೆಯಿದೆ, ಮಾರುವವರು ಅದನ್ನು ಹೇಳುವುದಿಲ್ಲ. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಡುವುದರಿಂದ ಕಲ್ಲು, ಕುಳಿಗಳ ನೆರಳು ನಮಗೆ ಕಾಣದು. ಏರುತಗ್ಗಿನ ನೆಲ ಸಮತಟ್ಟಾಗಿ ತೋರುತ್ತದೆ. ಸೊಂಟದ ಮಟ್ಟದಲ್ಲಿ ಹಿಡಿದ ಕೈಬ್ಯಾಟರಿ ಆ ನೆರಳನ್ನು ಎತ್ತಿ ತೋರಿಸುತ್ತದೆ. ಆದಕಾರಣ ತಂಡದ ಮುಂದಾಳಿನ ಕೈಯಲ್ಲಿ ಹಳೆಯ ಬ್ಯಾಟರಿಯೊಂದು ಇರಲೇಬೇಕು. ಉಳಿದವರು ಹಣೆದೀಪವನ್ನು ಕೆಳಗೆ ಬಾಗಿಸಿಕೊಂಡು ನಡೆಯಲಿ. ಮಾತನಾಡಿಸಲು ಮುಖ ತಿರುಗಿಸಿದಾಗ ಎದುರಿನವರ ಕಣ್ಣು ಕೋರೈಸಿ, ಮೆಟ್ಟಿಲಲ್ಲಿ ಅವರು ಎಡವುವ ಅಪಾಯವುಂಟು. ಮಕ್ಕಳಿಗೆ ಇದನ್ನು ಹೊರಡುವ ಮೊದಲೇ ಕಲಿಸಬೇಕು. ರಣಮಂಡಲದ ಬೆಟ್ಟವನ್ನು ನಸುಕಿನಲ್ಲಿ ಒಮ್ಮೆ ಹತ್ತಿಸಿದರೆ ಅಭ್ಯಾಸವೂ ಆದೀತು, ಪಟ್ಟಿ ಬಿಗಿಯೋ ಸಡಿಲವೋ ತಿಳಿದೀತು.

ಚೀಲ ಕಟ್ಟುವಾಗ ಒಂದು ಸೆಲ್ಲನ್ನು ಹೊರತೆಗೆದು ಬೇರೆಯಾಗಿಡಿ. ಗುಂಡಿ ಅದುಮಿದರೂ ದೀಪ ಚೀಲದೊಳಗೆ ಹತ್ತಿಕೊಂಡು ಹಗಲೆಲ್ಲ ಉರಿಯದು.