ಕಲಾವಿದರ ಪಟ್ಟಿಗೆ ದಿಕ್ಕು ಯಾರು?

ನಮ್ಮ ಕಡೆ ಕಂಸಾಳೆಯವರಿದ್ದಾರೆ, ಮಂಟೇಸ್ವಾಮಿ ಕಥೆಯ ನೀಲಗಾರರಿದ್ದಾರೆ, ಯಳಂದೂರು ಬೆಟ್ಟದಲ್ಲಿ ಗೊರುಕನ ಹಾಡುವ ಸೋಲಿಗರಿದ್ದಾರೆ. ಕಾರ್ಯಕ್ರಮವಾಗಲಿ, ಮಾಸಾಶನವಾಗಲಿ, ಸಿಗಬೇಕಾದರೆ ದಾಖಲೆಯಲ್ಲಿ ಹೆಸರು ಸರಿ ಇರಬೇಕು.

ಆ ದಾಖಲೆ ನೋಡುವವರನ್ನು ‘ಡೇಟಾ ಎಂಟ್ರಿ ಆಪರೇಟರ್’ ಎಂದು ಕರೆದರೆ, ಟೈಪ್ ಮಾಡಿದಲ್ಲಿಗೆ ಅವರ ಕೆಲಸ ಮುಗಿಯಿತು. ತಪ್ಪು ತಿದ್ದುವ ಹೊಣೆ ಯಾರದು?

ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು, 1997ರಿಂದ ಚಾಮರಾಜನಗರ. ಹನೂರು ಈಗ ಬೇರೆ ತಾಲ್ಲೂಕು. ಹಾಡುಗಾರ ಮನೆ ಬಿಟ್ಟು ಕದಲದಿದ್ದರೂ ಹಳೇ ಸರ್ಟಿಫಿಕೇಟಿನಲ್ಲಿ ಒಂದು ವಿಳಾಸ, ಆಧಾರಿನಲ್ಲಿ ಇನ್ನೊಂದು. ಮಾದಪ್ಪನ ಒಕ್ಕಲಿನಲ್ಲಿ ಮಾದಯ್ಯ, ಮಾದೇವ, ಮಹದೇವಯ್ಯ ಮನೆಮನೆಗೂ ಇದ್ದಾರೆ. ಕಂಪ್ಯೂಟರ್ ಒಬ್ಬರನ್ನು ಇಬ್ಬರು ಮಾಡುತ್ತದೆ, ಇಬ್ಬರನ್ನು ಒಬ್ಬರು ಮಾಡುತ್ತದೆ. ಇದನ್ನು ಬಿಡಿಸಲು ಊರು ಗೊತ್ತಿರಬೇಕು, ಕಲೆ ಗೊತ್ತಿರಬೇಕು, ತಿದ್ದುವ ಅಧಿಕಾರವೂ ಇರಬೇಕು.

‘ಇಷ್ಟಕ್ಕೆಲ್ಲ ಒಂದು ಹುದ್ದೆ ಬೇಕೇ, ಗುಮಾಸ್ತರು ನೋಡಿಕೊಳ್ಳಲಿ’ ಎನ್ನುವವರಿದ್ದಾರೆ. ಹತ್ತು ಕೆಲಸದ ನಡುವೆ ಹನ್ನೊಂದನೆಯದಾಗಿ ಇದನ್ನೂ ಹೊರಿಸಿ, ಆಮೇಲೆ ಗುಮಾಸ್ತರನ್ನು ಬೈಯುವುದು ನ್ಯಾಯವಲ್ಲ.

ಜಿಲ್ಲೆಗೊಬ್ಬ ‘ಕಲಾವಿದರ ದಾಖಲೆ ಅಧಿಕಾರಿ’ ಬೇಕು. ಅವರ ಜವಾಬ್ದಾರಿಯನ್ನು ಬರೆದು ಗೋಡೆಗೆ ಹಾಕಬೇಕು: ತಿದ್ದುಪಡಿ ಅರ್ಜಿಗೆ ರಸೀದಿ, ಯಾರು ಯಾವಾಗ ತಿದ್ದಿದರೆಂಬ ಗುರುತು, ದಾಖಲೆಗೆ ಬ್ಯಾಕಪ್, ಫೋನ್ ನಂಬರ್ ಮತ್ತು ಬ್ಯಾಂಕ್ ವಿವರ ಸೋರದಂತೆ ಕಾವಲು. ವರ್ಷಕ್ಕೊಮ್ಮೆ ಚಿಕ್ಕಲ್ಲೂರು ಜಾತ್ರೆಯಲ್ಲಿ ಕೂತು ಪಟ್ಟಿಯನ್ನು ಗಟ್ಟಿಯಾಗಿ ಓದಲಿ. ತಪ್ಪಿದ್ದರೆ ಜನರೇ ಹೇಳುತ್ತಾರೆ.

ಓದು ಬರಹ ಬಾರದವರು ರಾತ್ರಿಯಿಡೀ ಕಥೆಯನ್ನು ನೆನಪಿನಿಂದ ಹಾಡುತ್ತಾರೆ. ಅವರ ಹೆಸರನ್ನು ಒಂದು ಸಾಲಿನಲ್ಲಿ ಸರಿಯಾಗಿ ಇಡುವುದು ಓದಿದವರಿಗೆ ಕಷ್ಟವೇ?