ಒಂದು ನೋಟಕ್ಕೆ ಎಷ್ಟು ಕಾಸು?

ಮೊನ್ನೆ ಮದುವೆಮನೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರೊಬ್ಬರು ನನ್ನ ಸೋದರಳಿಯನಿಗೆ ಉಪದೇಶ ಶುರುಮಾಡಿದರು. ಅವನು ತಾಳಮದ್ದಲೆ ಬಗ್ಗೆ ಯೂಟ್ಯೂಬಿಗೆ ವಿಡಿಯೋ ಹಾಕುವವನು. "ಕನ್ನಡದಲ್ಲಿ ಏನು ಸಿಗ್ತದೆ ಮಾರಾಯಾ? ಇಂಗ್ಲಿಷಲ್ಲಿ ಮಾಡು. ಷೇರು ಮಾರ್ಕೆಟ್ ಬಗ್ಗೆ ಮಾಡು. ಕ್ವಾಲಿಟಿ ಇದ್ರೆ ದುಡ್ಡು ತಾನಾಗೇ ಬರ್ತದೆ!"

ಹೋಳಿಗೆ ಗಂಟಲಲ್ಲೇ ನಿಂತಿತು. ಅಲ್ಲಿ ಜಗಳ ಬೇಡವೆಂದು ಸುಮ್ಮನಿದ್ದೆ. ಇಲ್ಲಿ ಕಾರಿಕೊಳ್ಳುತ್ತಿದ್ದೇನೆ :)

ದುಡ್ಡಿನ ಲೆಕ್ಕಕ್ಕೆ ಅವರ ಮೊದಲ ಮಾತುಗಳು ಸರಿಯೇ. ಕೊನೆಯದು ಮಾತ್ರ ಶುದ್ಧ ಸುಳ್ಳು.

ವಿಡಿಯೋ ಜತೆ ಬರುವ ಜಾಹೀರಾತಿನ ಜಾಗಕ್ಕೆ ಕಂಪನಿಗಳು ಹರಾಜು ಕೂಗುತ್ತವೆ. ಬಂದದ್ದರಲ್ಲಿ ಶೇ. 55 ವಿಡಿಯೋ ಮಾಡಿದವನಿಗೆ, ಉಳಿದದ್ದು ಯೂಟ್ಯೂಬಿಗೆ. (ಶಾರ್ಟ್ಸ್‌ಗೆ 2023ರಿಂದ ಬೇರೆ ಲೆಕ್ಕ, ಅಲ್ಲಿ ಶೇ. 45.) ಈ ಪಾಲು ಪುತ್ತೂರಿನವನಿಗೂ ಒಂದೇ, ನ್ಯೂಯಾರ್ಕಿನವನಿಗೂ ಒಂದೇ. ಬದಲಾಗುವುದು ಹರಾಜಿನ ಕೂಗು. ಕೂಗುವವರು ನೋಡುವುದು ನಿಮ್ಮ ಶ್ರಮವನ್ನಲ್ಲ, ನೋಡುಗನ ಜೇಬನ್ನು! ಅಮೆರಿಕದಲ್ಲಿ ಕೂತವನಿಗೆ ಮನೆಸಾಲ, ವಿಮೆ ಮಾರಲು ನೂಕುನುಗ್ಗಲು. ಅದೇ ಹತ್ತು ನಿಮಿಷ ಪುತ್ತೂರಿನಲ್ಲಿ ನೋಡಿದವನಿಗೆ ಕೂಗುವವರು ಕಡಿಮೆ. ವಿಷಯದ ಕಥೆಯೂ ಇಷ್ಟೇ. ಡಿಮ್ಯಾಟ್ ಖಾತೆ ತೆರೆದ ಒಬ್ಬ ಗಿರಾಕಿ ವರ್ಷಗಟ್ಟಲೆ ಲಾಭ ತರುತ್ತಾನೆ, ಒಂದು ಸೋಪು ಕೊಂಡವನು ತರುವುದಿಲ್ಲ. ಹಾಗಾಗಿ ಕ್ರೆಡಿಟ್ ಕಾರ್ಡಿನ ವಿಡಿಯೋಗೆ ಬೆಲೆ, ಕರ್ಣಪರ್ವಕ್ಕೆ ಚಿಲ್ಲರೆ.

ಇದರಲ್ಲಿ ಕ್ವಾಲಿಟಿ ಎಲ್ಲಿ ಬಂತು ಸ್ವಾಮಿ? ಡಿಸೆಂಬರಿನ ಹಬ್ಬದ ಜಾಹೀರಾತು ಮುಗಿದು ಜನವರಿ ಬಂದರೆ ಅದೇ ಹಳೇ ವಿಡಿಯೋದ ಗಳಿಕೆ ಸಾಮಾನ್ಯವಾಗಿ ಇಳಿಯುತ್ತದೆ. ವಿಡಿಯೋ ರಾತ್ರೋರಾತ್ರಿ ಹಳಸಿಹೋಯಿತೇ?

"ಅಮೆರಿಕದ ಕನ್ನಡಿಗರು ನೋಡಿದರೆ ಆಯಿತಲ್ಲ" ಎನ್ನುವವರಿದ್ದಾರೆ. ಒಳ್ಳೆಯದೇ. 2021ರ ಜೂನ್‌ನಿಂದ ಅಲ್ಲಿನ ನೋಡುಗರಿಂದ ಬಂದ ಗಳಿಕೆಗೆ ಅಲ್ಲಿಯದೇ ತೆರಿಗೆ ಬಿದ್ದಿದೆ. ಫಾರಂ ತುಂಬಿದ ಭಾರತೀಯರಿಗೆ ಅದು ಶೇ. 15. ಅಷ್ಟು ಮುರಿದ ಮೇಲೂ ಒಂದು ನೋಟಕ್ಕೆ ಅಲ್ಲೇ ಹೆಚ್ಚು ಸಿಗುತ್ತದೆ. ಆದರೆ ತಾಳಮದ್ದಲೆಗೆ ಕಿವಿಗೊಡುವ ಬಹುಪಾಲು ಜನ ಇರುವುದು ಕರಾವಳಿ, ಮಲೆನಾಡಿನಲ್ಲಿ. ಅವರನ್ನು ಬಿಟ್ಟು ಯಾರಿಗೆ ಮಾಡುವುದು?

ಹೊಟ್ಟೆಪಾಡಿಗೆ ಷೇರಿನ ವಿಡಿಯೋ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದು ಹರಾಜಿನ ದರವನ್ನೇ ಯೋಗ್ಯತೆಯ ಅಳತೆಗೋಲು ಮಾಡುವವರ ಮೇಲೆ. ದರ ಇದ್ದಲ್ಲಿಗೇ ಎಲ್ಲರೂ ನುಗ್ಗಿದರೆ ಏನಾಗುತ್ತದೆ ಅಂತ ಷೇರು ಟಿಪ್ಸ್ ಹಾವಳಿಯಲ್ಲಿ ನೋಡಿದ್ದೇವೆ. ನೋಂದಣಿಯಿಲ್ಲದೆ ಸಲಹೆ ಕೊಡುವವರ ಜತೆ ತನ್ನ ಅಧೀನದ ಸಂಸ್ಥೆಗಳು ವ್ಯವಹರಿಸದಂತೆ 2024ರಲ್ಲಿ ಸೆಬಿಯೇ ನಿರ್ಬಂಧ ಹೇರಬೇಕಾಯಿತು.

ದರ ಏರಬೇಕಾದರೆ ಕೂಗುವವರು ಹೆಚ್ಚಬೇಕು. ಪತ್ರಿಕೆಗೆ ಅರ್ಧ ಪುಟ ಜಾಹೀರಾತು ಕೊಡುವ ನಮ್ಮ ಜವಳಿ ಅಂಗಡಿ, ಚಿನ್ನದಂಗಡಿ, ಬೀಜ-ಗೊಬ್ಬರದವರು ಕನ್ನಡ ವಿಡಿಯೋಗಳ ಹರಾಜಿಗೂ ಬರಲಿ. ಊರು ಆರಿಸಿ, ಭಾಷೆ ಆರಿಸಿ ಜಾಹೀರಾತು ಹಾಕುವ ಸೌಲಭ್ಯ ಇದ್ದೇ ಇದೆ. ನಿಮಗೆ ಗುರುತಿನ ಅಂಗಡಿಯವರಿದ್ದರೆ ಒಂದು ಮಾತು ಹೇಳಿ.

ಅಳಿಯ ಆ ದಿನ ಉತ್ತರ ಕೊಡದೆ ಎದ್ದು ಕೈತೊಳೆಯಲು ಹೋದ. ಆಮೇಲೆ ಅವನು ಹೊಸ ವಿಡಿಯೋ ಹಾಕಿಲ್ಲ. ಮುಂದಿನ ಮದುವೆಯಲ್ಲಿ ಯಾರಾದರೂ ಇದೇ ರಾಗ ತೆಗೆದರೆ ನಾನಂತೂ ಸುಮ್ಮನಿರುವುದಿಲ್ಲ. ನೀವೂ ಸುಮ್ಮನಿರಬೇಡಿ.